ಕಿರ್ ಎನ್ನಬೇಕಾದ ಹಿಡಿ

ನಾನು ಹೇಳುವ ಕತೆಗಳಲ್ಲಿ ಅರ್ಧ ಸುಳ್ಳು, ಉಳಿದರ್ಧ ಒಗ್ಗರಣೆ ಎಂದು ನಮ್ಮ ಮನೆಯವರೆಲ್ಲ ಒಮ್ಮತದಿಂದ ಒಪ್ಪಿದ್ದಾರೆ. ಇದೊಂದು ಮಾತ್ರ ನಡೆದದ್ದು ನಡೆದ ಹಾಗೇ ಹೇಳುತ್ತೇನೆ. ಕಟ್ಟುಕತೆಯಾಗಿದ್ದರೆ ನನ್ನನ್ನು ನಾನೇ ಇಷ್ಟು ಕೆಟ್ಟವನನ್ನಾಗಿ ಮಾಡಿಕೊಳ್ಳುತ್ತಿರಲಿಲ್ಲ.

ನನ್ನ ಸೋದರಮಾವ ಹಳೇ ಕಾರುಗಳ ಒಳಗಿನ ಚರ್ಮದ ಕೆಲಸ ಮಾಡುವವರು, ನಾನು ಅವರ ಕೈಕೆಳಗೆ ಕಲಿಯುವವನು. ಸೀಟು, ಸ್ಟೀರಿಂಗಿನ ಹೊದಿಕೆ ಎಲ್ಲ ಮಾಡುತ್ತಾರೆ. ಆದರೆ ಅವರ ಹೆಸರು ನಿಂತಿರುವುದು ಬಾಗಿಲಿನ ಒಳಹಿಡಿಗಳ ಮೇಲೆ. ಕೂತವರು ಬಾಗಿಲನ್ನು ಎಳೆದುಕೊಳ್ಳಲು ಇರುವ ಚರ್ಮದ ಹಿಡಿ. ನೋಡಿದರೆ ಗೇಣುದ್ದದ ಪಟ್ಟಿ, ಅಷ್ಟೇ. ಒಳಗೆ ಉಕ್ಕಿನ ತಗಡು, ಅದರ ಮೇಲೆ ಉಣ್ಣೆಯ ಮೆತ್ತೆ, ಅದರ ಮೇಲೆ ಎರಡು ಪದರ ಚರ್ಮ, ಅಂಚಿನುದ್ದಕ್ಕೂ ಜೇನುಮೇಣ ತಿಕ್ಕಿದ ದಾರದ ಹೊಲಿಗೆ. ಒಂದೇ ದಾರ, ಎರಡು ಸೂಜಿ, ಇನ್ನೂರ ಹನ್ನೆರಡು ತೂತು. ಒಂದೊಂದು ತೂತಿಗೂ ಎರಡೂ ಕಡೆಯಿಂದ ಸೂಜಿ ಬರಬೇಕು. ಒಂದು ತೂತು ತಪ್ಪಿ ಬಿತ್ತೋ, ಆ ಚರ್ಮ ಎತ್ತಿಡಬೇಕಾದ್ದೇ.

ಮಾವನ ಅಳತೆಯ ಪದ್ಧತಿಯೂ ವಿಚಿತ್ರ. ಡ್ರೈವರ್ ಕಡೆಯ ಹಿಡಿ ಕಾರಿನ ಯಜಮಾನರ ಕೈಗೆ ಮಾತ್ರ ಸರಿಹೊಂದಬೇಕು ಎನ್ನುವುದು ಅವರ ಹಟ. ಅದಕ್ಕೆ ಟೇಪು ಮುಟ್ಟುವುದಿಲ್ಲ. ಗಿರಾಕಿ ಬಂದಾಗ ಕೈ ಕುಲುಕುತ್ತಾರೆ, ಕುಲುಕಿದ ಕೈಯನ್ನು ಬಿಡುವುದಿಲ್ಲ. ಮಳೆ, ಪೆಟ್ರೋಲು, ಮೊಮ್ಮಕ್ಕಳು ಅಂತ ಎರಡು ನಿಮಿಷ ಮಾತಾಡುತ್ತ ಒಳಗೊಳಗೇ ಅಂಗೈಯ ಅಗಲ, ಬೆರಳಿನ ಮಡಿಕೆ ಎಲ್ಲ ಓದಿಕೊಳ್ಳುತ್ತಾರೆ. ನಿವೃತ್ತ ಜಡ್ಜ್ ಸಾಹೇಬರು ತಮ್ಮ ತಂದೆಯ ಕಾಲದ ಕಾರು ತಂದಾಗ ಹಾಗೇ ಆಯಿತು. ಕೈ ಬಿಡಿಸಿಕೊಳ್ಳಲಾಗದೆ ಅವರು ನನ್ನ ಮುಖ ನೋಡಿದ ರೀತಿ, ಜಾಮೀನು ಕೇಳುವವರ ಹಾಗಿತ್ತು.

ಅಣಕಿಸಲು ನನಗೆ ಜಡ್ಜ್ ಸಾಹೇಬರ ಧ್ವನಿ ಸಿಕ್ಕಿದ್ದು ಅವತ್ತೇ. ಮೂಗಿನಿಂದ ಒಂದು ಸಣ್ಣ ಉಸಿರು, ಆಮೇಲೆ "ಮೊದಲನೆಯದಾಗಿ" ಅನ್ನುತ್ತಾರೆ. ಎರಡನೆಯದು ಬರುವುದೇ ಇಲ್ಲ. ಅವರು ಗೇಟು ದಾಟುವ ಮೊದಲೇ ನಾನು ಅತ್ತೆಯ ಮುಂದೆ ಅವರಾಗಿಬಿಟ್ಟಿದ್ದೆ. ಮಧ್ಯಾಹ್ನದ ಊಟದ ಡಬ್ಬಿ ತಂದಿದ್ದ ಅತ್ತೆ ನಕ್ಕು, ನಿನ್ನ ಗಂಟಲಲ್ಲಿ ಎಷ್ಟು ಜನ ಬಾಡಿಗೆಗೆ ಇದ್ದಾರೋ ಮಾರಾಯ ಎಂದರು.

ತಿಂಗಳಾಗುವ ಹೊತ್ತಿಗೆ ನಾಲ್ಕೂ ಹಿಡಿ ಮುಗಿದವು. ಹಳೇ ಸೀಟಿನ ಕಂದುಗೆಂಪಿಗೆ ಸರಿಹೋಗುವ ಚರ್ಮಕ್ಕೆ ಮಾವ ಎಲ್ಲೆಲ್ಲೋ ಹುಡುಕಿ, ಸಿಕ್ಕ ಒಂದು ತುಂಡಿನಲ್ಲೇ ನಾಲ್ಕನ್ನೂ ಕತ್ತರಿಸಿದ್ದರು. ಇನ್ನೊಂದು ಹಿಡಿಗಾಗುವಷ್ಟು ಮಿಕ್ಕಿತ್ತು, ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ಅವರ ಇನ್ನೊಂದು ಹೆಮ್ಮೆ, ಮೌನ. ಪದರಗಳ ನಡುವೆ ಸೀಮೆಸುಣ್ಣದ ಪುಡಿ ಹಾಕಿ ಅವರು ಹೊಲಿದ ಹಿಡಿ ಎಳೆದರೆ ಬಾಗಿಲು ಬರುತ್ತದೆ, ಸದ್ದು ಬರುವುದಿಲ್ಲ. ಮೂವತ್ತೆಂಟು ವರ್ಷದಲ್ಲಿ ನನ್ನ ಒಂದು ಹಿಡಿಯೂ ಬಾಯಿ ಬಿಟ್ಟಿಲ್ಲ ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಅವತ್ತೂ ಹೇಳಿದರು. ನನ್ನ ನಾಲಿಗೆ ತುರಿಸಿತು.

ಹಿಂದಿನ ಉಗ್ರಾಣಕ್ಕೆ ಹೋಗಿ, ಚರ್ಮದ ಸುರುಳಿಗಳ ನಡುವೆ ಕೂತು, ಮೊಬೈಲಿನಿಂದ ನಮ್ಮದೇ ವರ್ಕ್‌ಶಾಪಿನ ನಂಬರು ತೋರಿಸದ ಹಳೇ ಫೋನಿಗೆ ಕರೆ ಮಾಡಿದೆ. ಮೂಗಿನಿಂದ ಉಸಿರು ಬಿಟ್ಟೆ. ಮೊದಲನೆಯದಾಗಿ, ನಮ್ಮ ತಂದೆಯವರ ಕಾಲದಲ್ಲಿ ಡ್ರೈವರ್ ಕಡೆಯ ಹಿಡಿ ಎಳೆದರೆ ಕಿರ್ ಅನ್ನುತ್ತಿತ್ತು, ಆ ಸದ್ದು ಇಲ್ಲದಿದ್ದರೆ ಅದು ನಮ್ಮ ಕಾರು ಅಂತಲೇ ಅನ್ನಿಸುವುದಿಲ್ಲ, ದಯವಿಟ್ಟು ಕಿರ್ ಅನ್ನಿಸಿ ಎಂದೆ. ಆ ಕಡೆಯಿಂದ ಮಾವ ಬಹಳ ಗೌರವದಿಂದ, ಆಗಲಿ ಸಾರ್, ನೋಡೋಣ ಎಂದರು.

ಅವರು ಬೈದುಕೊಳ್ಳುತ್ತ ಬರುತ್ತಾರೆ, ಆಗ ಅದೇ ಧ್ವನಿಯಲ್ಲಿ ಇನ್ನೆರಡು ಮಾತಾಡಿ ಗುಟ್ಟು ಒಡೆಯುವುದು ಎಂದು ನಾನು ಲೆಕ್ಕ ಹಾಕಿದ್ದೆ. ಬಾಯಿ ಒರೆಸಿಕೊಂಡು ಹೊರಗೆ ಬಂದರೆ ಮಾವ ಆಗಲೇ ಡ್ರೈವರ್ ಕಡೆಯ ಹಿಡಿಯನ್ನು ಬಿಚ್ಚಿ, ಹೊಲಿಗೆಗೆ ಬ್ಲೇಡು ಹಾಕಿದ್ದರು. ಹೊಲಿಗೆ ಸಾಲಾಗಿ ಬಾಯಿ ತೆರೆಯುತ್ತಿತ್ತು. ನನ್ನ ಬಾಯಿ ಮುಚ್ಚಿಹೋಯಿತು.

"ಅಳಿಯ, ಇಷ್ಟು ವರ್ಷದಲ್ಲಿ ಮೊದಲ ಸಲ ಒಬ್ಬರು ನನಗೆ ಬರದ ಕೆಲಸ ಕೇಳಿದಾರೆ ಕಣೋ," ಎಂದರು. ಆ ಕಣ್ಣುಗಳಲ್ಲಿದ್ದ ಹೊಳಪನ್ನು ನೋಡಿ, ನಾಳೆ ಹೇಳಿದರಾಯಿತು ಎಂದುಕೊಂಡೆ.

ನಾಳೆಗಳು ಏಳಾದವು. ಮೊದಲು ಸೀಮೆಸುಣ್ಣ ತೆಗೆದು ನೋಡಿದರು, ಸದ್ದಿಲ್ಲ. ಚರ್ಮ ಒಣಗಿಸಿದರು, ಬಗ್ಗಿಸಿದರು, ಕಿವಿಗೆ ಹಿಡಿದು ಎಳೆದರು. ಆ ಚರ್ಮ ಅಂಚಿನಲ್ಲಿ ಹರಿಯಿತು. ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕೊನೆಯ ತುಂಡನ್ನು ತೆಗೆದಾಗ ನಾನು, ಬೇಡ ಮಾವ, ಅದಿರಲಿ ಎಂದೆ. ಯಾಕೆ ಬೇಡ ಎಂದು ಕೇಳಿದರು. ಯಾಕೆ ಅನ್ನುವುದೊಂದನ್ನು ಬಿಟ್ಟು ಬೇರೆ ಏನೇನೋ ಹೇಳಿದೆ.

ಐದನೆಯ ದಿನ ಅತ್ತೆ ಡಬ್ಬಿ ತಂದವರು ನನ್ನನ್ನು ಗೇಟಿನ ಹತ್ತಿರ ಕರೆದರು. ನಿಮ್ಮ ಮಾವನ ಬಲಗೈ ಹೆಬ್ಬೆರಳಿಗೆ ಸ್ಪರ್ಶವೇ ತಿಳಿಯುತ್ತಿಲ್ಲ, ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ, ಡಾಕ್ಟರು ಸಾಕು ನಿಲ್ಲಿಸಿ ಎಂದಿದ್ದಾರೆ ಎಂದು ಮೆಲ್ಲಗೆ ಹೇಳಿದರು. ಈ ಕಾರಿನ ಹಿಡಿಗಳೇ ಕೊನೆ, ಆಮೇಲೆ ಸೂಜಿ ಮುಟ್ಟುವುದಿಲ್ಲ ಎಂದು ಮಾವ ಅತ್ತೆಗೆ ಮಾತು ಕೊಟ್ಟಿದ್ದರಂತೆ.

"ಮುಗೀತು ಅಂದಿದ್ರಲ್ಲೋ. ಮತ್ತೆ ಯಾಕೆ ಬಿಚ್ಚಿದ್ರು?"

ಹಿಡಿಯನ್ನು ಕೈಗೆ ಒಪ್ಪುವ ಹಾಗೆ ಮಾಡುವ ಮನುಷ್ಯನಿಗೆ ನಾನು ಕೈ ಕೊಟ್ಟಿದ್ದೆ. ಮಾತು ಮಡಿಚಿ ನಗಿಸುವುದು ನನ್ನ ಕಸುಬು. ಆದರೆ ಈ ಮಾತು ಮನಸ್ಸಿಗೆ ಬಂದಾಗ ನನಗೇ ಹೇಸಿಗೆಯಾಯಿತು. ಗೊತ್ತಿಲ್ಲ ಅತ್ತೆ ಎಂದೆ. ಅವತ್ತಿನ ಊಟ ಗಂಟಲಲ್ಲಿ ಇಳಿಯಲಿಲ್ಲ. ಅಲ್ಲಿ ಜಡ್ಜ್ ಸಾಹೇಬರು ಬಾಡಿಗೆಗೆ ಇದ್ದರಲ್ಲ.

ಒಳಗೆ ಬಂದು ನೋಡಿದರೆ ಮಾವ ಪದರಗಳ ನಡುವೆ, ಪಿಟೀಲಿನ ಕಮಾನಿಗೆ ತಿಕ್ಕುವ ರಾಳದ ಪುಡಿ ಉದುರಿಸಿ ಹೊಲಿಯುತ್ತಿದ್ದರು. ಹೆಬ್ಬೆರಳಿನ ತುದಿಯಲ್ಲಿ ರಕ್ತದ ಸಣ್ಣ ಚುಕ್ಕೆಗಳಿದ್ದವು. ಅವರಿಗೆ ಗೊತ್ತೇ ಆಗಿರಲಿಲ್ಲ. ನಾನು ಬಟ್ಟೆ ತಂದು ಒರೆಸಿದೆ. ನಾನೇ ಹೊಲಿಯುತ್ತೇನೆ ಕೊಡಿ ಎಂದರೆ ಕೊಡಲಿಲ್ಲ. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಆಗಲೇ ಅವರು ತೊಂಬತ್ತನೆಯ ತೂತಿನಲ್ಲಿದ್ದರು. ಈಗ ಹೇಳಿದರೆ ಈ ತೊಂಬತ್ತೂ ವ್ಯರ್ಥ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನೂರ ಎಂಬತ್ತರಲ್ಲೂ ಅದೇ ನೆಪ ಚೆನ್ನಾಗಿ ಕೆಲಸ ಮಾಡಿತು.

ಏಳನೆಯ ದಿನ ಹಿಡಿ ಕಿರ್ ಎಂದಿತು. ಮಾವ ಅದನ್ನು ಹತ್ತು ಸಲ ಎಳೆದರು.

ಮಾರನೆಯ ದಿನ ಬೆಳಿಗ್ಗೆ ಹೇಳುವುದೆಂದು ಗಟ್ಟಿ ಮನಸ್ಸು ಮಾಡಿ ಹೋದರೆ, ಜಡ್ಜ್ ಸಾಹೇಬರು ಕಾರು ಒಯ್ಯಲು ಬರುತ್ತೇನೆಂದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಬಂದು ಕಾರಿನ ಸುತ್ತ ನಡೆಯುತ್ತಿದ್ದರು. ಒಂದೊಂದೇ ಬಾಗಿಲು ಎಳೆದರು. ಮೂರೂ ಮೌನ. ಅವರು ತಲೆದೂಗಿದರು. ಡ್ರೈವರ್ ಸೀಟಿನಲ್ಲಿ ಕೂತು ನಾಲ್ಕನೆಯದನ್ನು ಹಿಡಿದರು. ಕೈಗೆ ಕೈಯೇ ಸಿಕ್ಕಂತೆ ಹಿಡಿ ಕೂತಿತು. ಎಳೆದರು.

ಕಿರ್.

ಮಾವ ಮಾರ್ಕ್ಸ್ ಕಾರ್ಡಿಗೆ ಕಾಯುವ ಹುಡುಗನ ಹಾಗೆ ನಿಂತಿದ್ದರು.

"ಮೊದಲನೆಯದಾಗಿ," ಎಂದರು ಜಡ್ಜ್ ಸಾಹೇಬರು, "ಇದೇನು ಸದ್ದು?"

ತಾವೇ ಫೋನ್ ಮಾಡಿ ಕೇಳಿದ್ದಿರಲ್ಲ ಸಾರ್ ಎಂದು ಮಾವ ನೆನಪಿಸಿದರು. ನಾನು ಯಾವ ಫೋನೂ ಮಾಡಿಲ್ಲವಲ್ಲ ಎಂದರು ಅವರು.  ಮಾವ ಎಡಗೈಯಿಂದ ಬಲಗೈಯ ಹೆಬ್ಬೆರಳನ್ನು ಒತ್ತಿಕೊಂಡರು.

"ವಯಸ್ಸಾಯ್ತು ಸಾರ್. ಬೆರಳು ಹೋಯ್ತು, ಈಗ ತಲೆನೂ ಹೋಗ್ತಾ ಇದೆ ಅಂತ ಕಾಣುತ್ತೆ. ಏನೋ ಕನಸು ಕಂಡಿರಬೇಕು. ತಪ್ಪಾಯ್ತು."

ಅವರು ಕೈ ಮುಗಿಯಲು ಹೊರಟಿದ್ದರು. ಅದನ್ನು ನೋಡಿ ನಿಲ್ಲುವಷ್ಟು ದೊಡ್ಡ ಕಳ್ಳ ನಾನಲ್ಲ.

"ಕನಸಲ್ಲ ಮಾವ. ಫೋನ್ ಮಾಡಿದ್ದು ನಾನು. ಉಗ್ರಾಣದಿಂದ, ಇವರ ಧ್ವನಿಯಲ್ಲಿ."

 ತಮಾಷೆಗೆ ಎಂದು ಸೇರಿಸಿದೆ. ಆ ಮಾತು ಬಾಯಿಂದ ಬಿದ್ದು ನೆಲದ ಮೇಲೆ ಚರ್ಮದ ಚೂರುಗಳ ಜೊತೆ ಸೇರಿಕೊಂಡಿತು. ಅತ್ತೆ ಹೇಳಿದ್ದನ್ನೂ, ಗೊತ್ತಾದ ಮೇಲೂ ಬಾಯಿ ಬಿಡದೆ ಇದ್ದದ್ದನ್ನೂ ಹೇಳಿದೆ. ಮಾವ ನನ್ನನ್ನು ನೋಡಲಿಲ್ಲ. ಹಿಡಿಯ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದರು.

"ಹಾಗಾದ್ರೆ ನನ್ನ ಕಿವಿ, ತಲೆ ಎರಡೂ ಸರಿ ಇವೆ," ಎಂದರು, ಯಾರಿಗೂ ಅಲ್ಲದ ಹಾಗೆ.

ಆಮೇಲೆ ಕೆಲಸದ ಮಾತಾಡಿದರು. ಬೇರೆ ಚರ್ಮ ಇಲ್ಲ. ಇದನ್ನೇ ಬಿಚ್ಚಬೇಕು, ರಾಳ ಒರೆಸಿ ಸೀಮೆಸುಣ್ಣ ಹಾಕಬೇಕು, ಇರುವ ತೂತುಗಳಲ್ಲೇ ತಿರುಗಿ ಹೊಲಿಯಬೇಕು. ಚರ್ಮಕ್ಕೆ ಬಿದ್ದ ತೂತು ಮುಚ್ಚಿಕೊಳ್ಳುವುದಿಲ್ಲ, ಹೊಸದೊಂದು ಬಿದ್ದರೆ ಕಾಣುತ್ತದೆ. ಎರಡು ಸೂಜಿಯನ್ನೂ ಮೇಣದ ಉಂಡೆಯಿಂದ ಕಿತ್ತು ನನ್ನ ಅಂಗೈಯಲ್ಲಿಟ್ಟರು.

"ಇನ್ನೂರ ಹನ್ನೆರಡು. ನೀನೇ ಹೊಲೀಬೇಕು. ನಾನು ಪಕ್ಕದಲ್ಲಿ ಕೂತಿರ್ತೀನಿ."

ಅವರ ಕೊನೆಯ ಹಿಡಿಯಲ್ಲಿ ಅವರ ಹೊಲಿಗೆ ಇರುವುದಿಲ್ಲ ಎಂದು ನನಗೆ ಆಗ ಹೊಳೆಯಿತು. ಸೂಜಿಗಳು ಅಂಗೈಯಲ್ಲಿ ಭಾರವಾದವು.

ಜಡ್ಜ್ ಸಾಹೇಬರು ಕಾರಿನಿಂದ ಇಳಿದಿರಲಿಲ್ಲ. ಕಾರಿಗೆ ಇನ್ನೊಂದು ವಾರ ಕಾಯಬಹುದು, ಆದರೆ ಬರೀ ತಪ್ಪೊಪ್ಪಿಗೆ ಸಾಕಾಗುವುದಿಲ್ಲ, ಸಾಕ್ಷ್ಯ ಬೇಕು, ಆ ಧ್ವನಿಯನ್ನು ಇಲ್ಲಿ ಹಾಜರುಪಡಿಸತಕ್ಕದ್ದು ಎಂದರು. ಬೇಡ ಸಾರ್ ಎಂದೆ. ಹಾಜರುಪಡಿಸತಕ್ಕದ್ದು ಎಂದರು ಮತ್ತೆ.

ನಾನು ಮೂಗಿನಿಂದ ಉಸಿರು ಬಿಟ್ಟೆ. ಅಸಲು ಎದುರಿಗಿತ್ತು, ಪಕ್ಕದಲ್ಲಿ ಮಾವನಿದ್ದರು. ಗಂಟಲು ಒಣಗಿ ಹಲಗೆಯಾಗಿತ್ತು. ಬಾಯಿ ತೆರೆದೆ. "ಮೊದಲನೆಯದಾಗಿ" ಬರಲಿಲ್ಲ. ಬಂದದ್ದು ಒಂದೇ ಸದ್ದು, ಸಣ್ಣಗೆ, ಉದ್ದಕ್ಕೆ, ರಾಳ ಹಾಕಿದ ಚರ್ಮದಂತೆ.

ಕಿರ್.

ಜಡ್ಜ್ ಸಾಹೇಬರ ಮೀಸೆ ಅಲುಗಿತು. ನನಗೂ ಹೆದರಿಕೆಯ ಮಧ್ಯೆ ನಗು ಬಂತು. ಆದರೆ ಮೊದಲು ಸಿಡಿದವರು ಮಾವ. ಬೀಳದ ಹಾಗೆ ಡ್ರೈವರ್ ಕಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಯುವ ಹಾಗೆ, ನಮ್ಮಿಬ್ಬರ ನಗುವೂ ಕೇಳಿಸದಷ್ಟು ಜೋರಾಗಿ ನಕ್ಕರು. ಅವರು ನಕ್ಕು ಜಗ್ಗಿದಾಗಲೆಲ್ಲ ಅವರು ಹೊಲಿದ ಹಿಡಿ ಕೂಡ ಕಿರ್ ಕಿರ್ ಅನ್ನುತ್ತಿತ್ತು.