ಖಾಲಿ ವಾರ್ಡಿನ ಅಳತೆ

ಆಸ್ಪತ್ರೆಯ ಹೊಸ ವಾರ್ಡಿನ ವೈಫೈ ಅಳೆದವಳು ಅವಳೇ. ಹಾಸಿಗೆಗಳ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರದ ದಿನ, ಲ್ಯಾಪ್‌ಟಾಪನ್ನು ಹಸುಗೂಸಿನಂತೆ ತೋಳಿನ ಮೇಲಿಟ್ಟುಕೊಂಡು ಮೂಲೆಮೂಲೆಯನ್ನೂ ಸುತ್ತಿದ್ದಳು. ಎಲ್ಲಿ ಸಿಗ್ನಲ್ ಎಷ್ಟು, ಕಳಿಸಿದ್ದರಲ್ಲಿ ತಲುಪಿದ್ದೆಷ್ಟು, ಎಲ್ಲ ನೋಡಿದ್ದಳು. ನಕ್ಷೆ ತುಂಬ ಹಸಿರು, ಎಲ್ಲೂ ಸಿಗ್ನಲ್ ಕೊರತೆಯಿಲ್ಲ. ಖಾಲಿ ಕೋಣೆಯಲ್ಲಿ ಅಳೆಯುವುದೇ ವೈಫೈ ಹಾಕುವ ಅವಳ ಕಚೇರಿಯ ರೂಢಿ. ಯಾರ ಕಾಲಿಗೂ ಅಡ್ಡ ಸಿಗುವುದಿಲ್ಲ, ಕೆಲಸ ಬೇಗ ಮುಗಿಯುತ್ತದೆ.

ಈಗ ಅದೇ ವಾರ್ಡಿನ ಕೊನೆಯ ಹಾಸಿಗೆಯಲ್ಲಿ ಅವಳ ಚಿಕ್ಕಮ್ಮ ಮಲಗಿದ್ದರು. ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿದ ಚಿಕ್ಕಮ್ಮ. ಕೊರಳಲ್ಲಿ ನೇತುಬಿದ್ದ ಪುಟ್ಟ ಪೆಟ್ಟಿಗೆಯೊಂದು ಅವರ ಎದೆಬಡಿತವನ್ನು ವೈಫೈ ಮೂಲಕ ಬಾಗಿಲ ಬಳಿಯ ನರ್ಸ್ ಮೇಜಿಗೆ ಕಳಿಸುತ್ತಿತ್ತು. ಬಡಿತ ತಪ್ಪಿದರೆ ಅಲ್ಲಿ ಅಲಾರಂ ಕೂಗಬೇಕು.

"ದನಕ್ಕೆ ಗಂಟೆ ಕಟ್ಟಿದ ಹಾಗೆ ಕಟ್ಟಿದಾರೆ ನೋಡೇ."

"ಕಟ್ಟದೇ ಇದ್ರೆ ನೀನೆಲ್ಲಿ ಮಲಗ್ತೀಯ? ಸುಮ್ನೆ ಕಣ್ಮುಚ್ಚು ಚಿಕ್ಕಮ್ಮ."

ಅವರು ನಕ್ಕು ಕಣ್ಣು ಮುಚ್ಚಿದರು.

ಭೇಟಿಯ ಹೊತ್ತಾಯಿತು. ಬಾಗಿಲು ತೆರೆದದ್ದೇ ತಡ, ಜನ ತುಂಬಿಕೊಂಡರು. ಒಂದೊಂದು ಹಾಸಿಗೆಗೂ ಮನೆಮಂದಿಯೆಲ್ಲ, ಎಲ್ಲರ ಕೈಯಲ್ಲೂ ಫೋನು. ಪಕ್ಕದ ಹಾಸಿಗೆಯ ಮುದುಕರನ್ನು ನೋಡಲು ಮಾತ್ರ ಯಾರೂ ಬಂದಿರಲಿಲ್ಲ. ಅಲ್ಲಿ ಹಾದುಹೋಗುತ್ತಿದ್ದ ನರ್ಸ್ ನಿಂತು ಅವರ ದಿಂಬು ಸರಿಮಾಡಿ, ಹೊದಿಕೆಯನ್ನು ಪಾದದವರೆಗೂ ಎಳೆದು ತನ್ನ ಮೇಜಿಗೆ ಮರಳಿದಳು.

ಚಿಕ್ಕಮ್ಮನ ಪಕ್ಕದಿಂದ ನೀರು ತರಲು ಎದ್ದವಳು ಹೋಗುತ್ತ ಮೇಜಿನ ಪರದೆಯತ್ತ ಕಣ್ಣು ಹಾಯಿಸಿದಳು. ಉಳಿದವರ ಗೆರೆಗಳು ಓಡುತ್ತಿದ್ದವು. ಚಿಕ್ಕಮ್ಮನ ಗೆರೆ ಅರ್ಧ ಏರಿ, ಚಿತ್ರ ಬರೆದಂತೆ ನಿಂತಿತ್ತು. ಗೆರೆಯ ಪಕ್ಕದ ಬಡಿತದ ಅಂಕಿ ಮಾತ್ರ ಆರೋಗ್ಯವಂತರದು, ಅದೂ ಕದಲುತ್ತಿರಲಿಲ್ಲ.

"ಸಿಸ್ಟರ್, ಇದು ಎಷ್ಟು ಹೊತ್ತಿಂದ ಹೀಗಿದೆ?"

"ಜನ ಬಂದಾಗ ಒಂದೊಂದ್ಸಲ ಹಾಗೆ ನಿಲ್ಲುತ್ತೆ ಅಕ್ಕ. ಅಲಾರಂ ಏನೂ ಕೂಗಿಲ್ವಲ್ಲ."

ಅವಳು ತಿರುಗಿ ಜನ ತುಂಬಿದ ವಾರ್ಡನ್ನು ನೋಡಿದಳು. ಮನುಷ್ಯರ ಮೈ ಸಿಗ್ನಲನ್ನು ಹೀರಿಕೊಳ್ಳುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಅವಳು ಅಳೆದ ದಿನ ಇಲ್ಲಿ ಮನುಷ್ಯರೇ ಇರಲಿಲ್ಲ.

"ಅಲಾರಂ ಕೂಗೋಕೂ ಸುದ್ದಿ ಇಲ್ಲಿ ತನಕ ಬರಬೇಕಲ್ಲ. ಇದನ್ನ ಅಳೆದವಳು ನಾನೇ. ತಪ್ಪು ಅಳೆದಿದೀನಿ. ಈ ಅಂಕಿ ನಂಬಬೇಡಿ."

ನರ್ಸ್ ಎದ್ದು ಕೊನೆಯ ಹಾಸಿಗೆಯತ್ತ ಹೊರಟಳು. ನಡೆಯುತ್ತಲೇ ಮೆತ್ತಗೆ, "ಎಲ್ಲರೂ ಸ್ವಲ್ಪ ಹೊರಗಿರಿ," ಎಂದಳು.

"ಬಂದು ಕೂತಿಲ್ಲ, ಆಗ್ಲೇ ಅಟ್ತಾರೆ," ಎಂದು ಯಾರೋ ಗೊಣಗಿದರು.

ಚಿಕ್ಕಮ್ಮನ ಮುಖ ನಿದ್ದೆಯಲ್ಲಿದ್ದಂತೆಯೇ ಇತ್ತು. ನರ್ಸ್ ಮಣಿಕಟ್ಟಿನ ಮೇಲೆ ಬೆರಳಿಟ್ಟಳು. ಬೆರಳನ್ನು ತುಸು ಸರಿಸಿದಳು. ಮತ್ತೆ ಸರಿಸಿದಳು. ಆಮೇಲೆ ಕೊರಳಿಗೆ ಇಟ್ಟಳು.

ಜನ ಒಬ್ಬೊಬ್ಬರಾಗಿ ಹೊರಗೆ ಹೋಗುತ್ತಿದ್ದರು. ವಾರ್ಡು ಅರ್ಧ ಖಾಲಿಯಾಗುವಷ್ಟರಲ್ಲಿ ಮೇಜಿನ ಬಳಿ ಅಲಾರಂ ಕೂಗತೊಡಗಿತು.

ನರ್ಸ್ ಆಗಲೇ ಹಾಸಿಗೆ ಹತ್ತಿ ಎರಡೂ ಅಂಗೈಗಳಿಂದ ಎದೆ ಒತ್ತುತ್ತಿದ್ದಳು. ಡಾಕ್ಟರನ್ನು ಕೂಗಿದಳು. ಮತ್ತೆ, ತಿರುಗಿ ನೋಡದೆ, ಇವಳಿಗಷ್ಟೇ ಕೇಳುವಂತೆ ಹೇಳಿದಳು: "ಈ ಕಡೆ ಬನ್ನಿ ಅಕ್ಕ. ಅವರ ಕೈ ಹಿಡ್ಕೊಂಡಿರಿ."