ಆರು ಗಂಟೆಯ ಲಾರಿ

ಲಾರಿಗಳು ಯಾವ ಬೀದಿಯಲ್ಲಿ ಹೋಗಬೇಕೆಂದು ನಿವಾಸಿಗಳೇ ಹೇಳಲಿ ಎಂದು ಎಂಜಿನಿಯರು ಪುರಸಭೆಯ ಮೇಜಿನ ಮೇಲೆ ನಕಾಶೆ ಹಾಸಿ, ಬಾಣ ಹಾಕಲು ಕೆಂಪು ಪೆನ್ಸಿಲ್ ಕೊಟ್ಟರು. ಪ್ರತಿ ಬೀದಿಯವರೂ ತಮ್ಮ ಬೀದಿಯಿಂದ ಪಕ್ಕದ ಬೀದಿಗೆ ಬಾಣ ಎಳೆದರು. ಬಾಣಗಳು ಊರೆಲ್ಲ ಸುತ್ತಿ ಮತ್ತೆ ಮೊದಲ ಬೀದಿಗೇ ಬಂದು ನಿಂತವು.

"ಒಳಗೆ ಬಂದ ಲಾರಿ ಹೊರಗೆ ಹೋಗೋದು ಹೇಗ್ರೀ?" ಎಂದು ಎಂಜಿನಿಯರು ತಲೆಯ ಮೇಲೆ ಕೈ ಹೊತ್ತರು.

"ಅದು ಡ್ರೈವರ್ ಹಣೆಬರಹ," ಎಂದ ಬೇಕರಿಯವನು.

ಹೊಲಿಗೆಯ ಅಜ್ಜಿ ಮಾತ್ರ ಇನ್ನೂ ಪೆನ್ಸಿಲ್ ಮುಟ್ಟಿರಲಿಲ್ಲ. ಬೆಳಗಿನ ಆರು ಗಂಟೆಯ ಲಾರಿ ಎಲ್ಲಿ ತಪ್ಪಿಹೋಗುವುದೋ ಎಂಬ ಭಯಕ್ಕೆ ದೇವರಿಗೆ ಕೈಮುಗಿದೇ ಸಭೆಗೆ ಬಂದಿದ್ದರು. ಈಗ ತಮ್ಮ ಬೀದಿಯ ಕಡೆಗೇ ಬಾಣ ಎಳೆದರು.

"ಅಜ್ಜೀ, ಬಾಣ ಉಲ್ಟಾ ಹಾಕಿದ್ದೀರಿ! ಕನ್ನಡಕ ಎಲ್ಲಿ?" ಎಂದ ಬೇಕರಿಯವನು.

"ಮೂಗಿನ ಮೇಲೇ ಇದೆ ಕಣಯ್ಯ. ಬೆಳಗಿನ ಆರು ಗಂಟೆ ಲಾರಿ ಹೋದಾಗ ನಮ್ಮ ಕಪಾಟಿನ ಲೋಟಗಳು ಗಲಗಲ ಅಂತಾವೆ. 'ಲೋಟ ಎದ್ವು, ನೀನೂ ಏಳೇ' ಅಂತಿದ್ರು ನಮ್ಮ ಯಜಮಾನ್ರು. ಈಗ ನನ್ನ ಎಬ್ಬಿಸೋಕೆ ಲೋಟ ಮಾತ್ರ ಉಳಿದಿರೋದು."

ಬೇಕರಿಯವನು ರಬ್ಬರು ಕೈಗೆತ್ತಿಕೊಂಡು, "ಹಾಗಾದ್ರೆ ನಮ್ಮ ಬೀದಿ ಲಾರಿಗಳನ್ನೂ ನೀವೇ ಇಟ್ಕೊಳ್ಳಿ ಅಜ್ಜಿ," ಎಂದ. ತಮ್ಮ ಬಾಣವನ್ನು ಅಳಿಸಿ ಅತ್ತ ತಿರುಗಿಸಲು ಎಲ್ಲರೂ ರಬ್ಬರಿಗೆ ಕಿತ್ತಾಡತೊಡಗಿದರು.

ಅಜ್ಜಿ ನಕಾಶೆಯ ಮೇಲೆ ಎರಡೂ ಅಂಗೈ ಊರಿ ನಿಂತರು.

"ಆರು ಗಂಟೇದು ಒಂದೇ ಸಾಕು! ಆಮೇಲೆ ನಾನು ಎದ್ದೇ ಇರ್ತೀನಲ್ಲ!"

ಎಂಜಿನಿಯರು ಅದನ್ನು ಹಾಗೆಯೇ ಬರೆದುಕೊಂಡರು.