ಕಮಲಲೋಸನ

ಸುಮೇಧಾ ಸಿ.ಡಿ.ಯನ್ನು ಪ್ಲೇಯರಿಗೆ ಹಾಕುತ್ತಿದ್ದಾಗ ಅಂಬುಜಾ ಅವಳ ಮಣಿಕಟ್ಟು ಹಿಡಿದರು.

"ಬೇಡಮ್ಮ. ಇಂಥ ಹೊತ್ತಲ್ಲಿ ನನ್ನ ಹಾಡು ಯಾಕೆ?"

"ಅಮ್ಮನಿಗೆ ಈ ಪದ ಎಷ್ಟು ಇಷ್ಟ, ನಿಮಗೇ ಗೊತ್ತಲ್ವಾ ದೊಡ್ಡಮ್ಮ. ಸ್ಮಶಾನಕ್ಕೆ ಹೋಗೋ ವಂಡಿ ಬರೋ ತನಕ ಕೇಳಲಿ," ಎಂದು ಸುಮೇಧಾ ಕಣ್ಣೊರೆಸಿಕೊಂಡಳು.

ಮದರಾಸಿನ ಕ್ರೋಂಪೇಟೆಯ ಆ ಹಜಾರದಲ್ಲಿ ಜಯಲಕ್ಷ್ಮೀ ಗಾಜಿನ ಐಸ್ ಪೆಟ್ಟಿಗೆಯೊಳಗೆ ಮಲಗಿದ್ದರು. ಅಂಬುಜಾ ಹೆಸರಾಂತ ಗಾಯಕಿ. ಜಯಲಕ್ಷ್ಮೀ ಅವರ ತಂಗಿ, ಜೀವಮಾನವಿಡೀ ಅಕ್ಕನ ಹಿಂದೆ ಕೂತು ತಂಬೂರಿ ಮೀಟಿದವರು. ಕಛೇರಿಯ ಫೋಟೋಗಳಲ್ಲಿ ಅವರ ಮುಖ ಅರ್ಧ ಕಂಡರೆ ಹೆಚ್ಚು.

ಗೋಡೆಗೊರಗಿ ಕೂತಿದ್ದವನು ರಾಮದಾಸ. ಅಂಬುಜಾರ ಹಳೆಯ ದೇವರನಾಮಗಳನ್ನು ಶುದ್ಧ ಮಾಡಿ ಸಿ.ಡಿ.ಗೆ ಇಳಿಸಿದವನು ಅವನೇ.

"ಆ ಹಳೇ ರೆಕಾರ್ಡ್ ಪ್ಲೇಟು ತುಂಬಾ ತೇಯ್ದುಹೋಗಿತ್ತು ಮೇಡಂ. ಸರಸರ ಸೌಂಡ್ ಪೂರಾ ಕ್ಲೀನಾ ತೆಗೆದುಬಿಟ್ಟೆ. ಈಗ ಒಂದೊಂದು ಅಕ್ಷರವೂ ಕೇಳತ್ತೆ. ಅದರಲ್ಲೇ ಒಂದು ಸಂದೇಹ ಇತ್ತು, ನಿಮ್ಮನ್ನೇ ಕೇಳೋಣ ಅಂತ..."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅಂಬುಜಾರದು. ಏನು ಸಂದೇಹ ಎಂದು ಕೇಳುವ ಧೈರ್ಯವೂ ಬರಲಿಲ್ಲ. ಅಷ್ಟರಲ್ಲಿ ಸುಮೇಧಾ ಗುಂಡಿ ಒತ್ತಿದ್ದಳು.

*

ಎಷ್ಟೋ ವರ್ಷದ ಹಿಂದೆ, ರೆಕಾರ್ಡಿಂಗಿನ ದಿನ ಕಡೆಯ ಪದ ಉಳಿದಿದ್ದಾಗ ಅಂಬುಜಾರ ಗಂಟಲು ಜ್ವರದಿಂದ ಕಟ್ಟಿಹೋಯಿತು. ಕಂಪನಿಯವರು ಇನ್ನೊಂದು ದಿನ ಕೊಡುವುದಿಲ್ಲವೆಂದರು. ಅಕ್ಕತಂಗಿಯರ ದನಿ ಒಂದೇ ಅಚ್ಚು. ಜಯಲಕ್ಷ್ಮೀ ತಂಬೂರಿಯನ್ನು ಅಕ್ಕನ ಕೈಗೆ ಕೊಟ್ಟು ಮೈಕಿನ ಮುಂದೆ ಕೂತರು.

"ಯೋಸನೆ ಮಾಡಬೇಡ ಅಕ್ಕ. ಹೆಸರು ನಿಂದೇ ಇರಲಿ."

ಮೈಸೂರಲ್ಲಿ ಅಜ್ಜಿಯ ಜೊತೆ ಬೆಳೆದ ಅಂಬುಜಾರ ಕನ್ನಡ ಅಚ್ಚುಕಟ್ಟು. ಮದರಾಸಿನ ತಮಿಳು ಶಾಲೆಯಲ್ಲಿ ಓದಿದ ಜಯಲಕ್ಷ್ಮೀಗೆ ಮಾತಿನ ನಡುವೆ 'ಚ' ಬಂದರೆ 'ಸ'ವೇ. ಯೋಚನೆ ಯೋಸನೆಯಾದ ಹಾಗೆ, ಆ ದಿನ ಕಮಲಲೋಚನನೂ ಕಮಲಲೋಸನನಾದ. ರೆಕಾರ್ಡಿನ ಸರಸರ ಸದ್ದಿನಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.

ಅಂಬುಜಾರಿಗೆ ಹೆಸರು ತಂದದ್ದು ಆ ಪದವೇ. ಕಛೇರಿಯಲ್ಲಿ ಯಾರಾದರೂ ಅದನ್ನೇ ಹಾಡಿ ಎಂದರೆ, "ಅದು ಒಂದೇ ಸಲ ಹಾಡೋ ಪದ" ಎಂದು ನಕ್ಕುಬಿಡುತ್ತಿದ್ದರು. ಬೆನ್ನ ಹಿಂದೆ ತಂಗಿಯ ತಂಬೂರಿ ಒಂದು ಕ್ಷಣವೂ ತಡವರಿಸುತ್ತಿರಲಿಲ್ಲ.

*

ಹಾಡು ಚರಣಕ್ಕೆ ಬಂತು. ಅಂಬುಜಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು. ಗಾಡಿ ಈಗಲೇ ಬರಬಾರದೇ ಅನ್ನಿಸಿತು. ತಂಗಿಯನ್ನು ಬೇಗ ಸಾಗಿಸಲು ಬಯಸಿದೆನಲ್ಲ ಎಂದು ಅದಕ್ಕೂ ಹೆದರಿದರು.

"ಕಮಲಲೋಸನ," ಎಂದಿತು ದನಿ, ಪೂಜೆಯ ಗಂಟೆಯಷ್ಟು ಸ್ಪಷ್ಟವಾಗಿ.

ಸುಮೇಧಾ ತಲೆಯೆತ್ತಿದಳು. "ಅಮ್ಮ 'ಯೋಸನೆ' ಅಂದ ಹಾಗೇ ಇದೆಯಲ್ಲ ದೊಡ್ಡಮ್ಮ."

"ಅದೇ ನನ್ನ ಸಂದೇಹ ಮೇಡಂ," ಎಂದ ರಾಮದಾಸ. "ನಿಮ್ಮ ಬೇರೆ ಯಾವ ಹಾಡಲ್ಲೂ ಈ 'ಸ' ಇಲ್ಲ. ಬೇಕಾದರೆ ಇನ್ನೊಂದು ಹಾಡಿಂದ 'ಚ' ತಂದು ಸೇರಿಸಿಬಿಡ್ತೀನಿ. ಯಾರಿಗೂ ತೆರಿಯಲ್ಲ, ಗೊತ್ತೇ ಆಗಲ್ಲ."

ಹಜಾರದಲ್ಲಿದ್ದವರೆಲ್ಲ ಅಂಬುಜಾರತ್ತ ನೋಡಿದರು. ಹೂಂ ಅಂದರೆ ಸಾಕಿತ್ತು. ಒಂದೇ ಅಕ್ಷರ ಅಳಿಸಿಹೋದರೆ ಇಷ್ಟು ವರ್ಷದ ಭಯ ತೀರಿಹೋಗುತ್ತಿತ್ತು.

ಜಯಲಕ್ಷ್ಮೀಯ ಗಂಡ ವಿಠ್ಠಲರಾಯರು ತಲೆಯ ಬಳಿ ಕೂತಿದ್ದರು. ಪೆಟ್ಟಿಗೆಯ ಗಾಜಿನ ಮೇಲಿನ ಮಂಜನ್ನು ಪಂಚೆಯ ಅಂಚಿನಿಂದ ಒರೆಸುತ್ತ ಈಗ ಅಂದರು:

"ಯೋಸನೆ ಮಾಡಬೇಡಿ ಅತ್ತಿಗೆ."

ಅವರ ಬಾಯಲ್ಲಿ ಎಂದೂ ಬಾರದ 'ಸ' ಅದು. ಹಾಡಿದ್ದು ಯಾರೆಂದು ಇವರಿಗೆ ಗೊತ್ತು, ಮೊದಲಿಂದಲೂ ಗೊತ್ತು, ಎಂದು ಅಂಬುಜಾರಿಗೆ ಹೊಳೆಯಿತು.

ಹೊರಗೆ ಗಾಡಿ ಬಂದು ನಿಂತಿತು.

"ಸರಿಮಾಡಲಾ ಮೇಡಂ?"

"ಮುಟ್ಟಬೇಡಪ್ಪ," ಎಂದರು ಅಂಬುಜಾ. "ಸುಮೇಧಾ, ಮೊದಲಿಂದ ಹಾಕು."

ಎದ್ದು ಹೋಗಿ, ಮೂಲೆಯಲ್ಲಿದ್ದ ತಂಗಿಯ ತಂಬೂರಿಯ ಗವಸು ಬಿಚ್ಚಿ ತಂದರು. ಬಿರಡೆ ತಿರುಗಿಸಿ ಶ್ರುತಿ ಕೂಡಿಸಿಕೊಂಡರು. ಹಾಡು ಶುರುವಾಯಿತು. ರಾಮದಾಸ ಒಮ್ಮೆ ಗಾಜಿನೊಳಗಿನ ಮುಖವನ್ನು, ಒಮ್ಮೆ ಅಂಬುಜಾರನ್ನು ನೋಡಿದ. ಅವರು ತುಟಿ ಬಿಗಿಹಿಡಿದು, ಪೆಟ್ಟಿಗೆಯ ಹಿಂದೆ, ಮುಖ ಅರ್ಧ ಮರೆಯಾಗುವಂತೆ ಕೂತು, ತಂಬೂರಿ ಮೀಟುತ್ತಿದ್ದರು.